ಸಿಗಡಿ ಕೊಳಗಳ ನೀರಿನ ನಿರ್ವಹಣೆ

ಸಿಗಡಿ ಕೊಳಗಳ ನೀರಿನ ನಿರ್ವಹಣೆಯು ಸಿಗಡಿ ಕೃಷಿಯಲ್ಲಿ ಕೊಳಕ್ಕೆ ಬರುವ, ಕೊಳದಲ್ಲಿ ನಿಲ್ಲುವ ಹಾಗೂ ಹೊರಹೋಗುವ ನೀರಿನ ಗುಣಮಟ್ಟವನ್ನು ಕಾಪಾಡುವ ಕ್ರಮವಾಗಿದೆ. ಸಿಗಡಿಯ ಉಸಿರಾಟ, ಆಹಾರ ಮತ್ತು ವಿಸರ್ಜನೆ ಒಂದೇ ನೀರಿನಲ್ಲಿ ನಡೆಯುವುದರಿಂದ ಬೆಳೆಯ ಅಳಿವು ಉಳಿವು ಈ ಕ್ರಮವನ್ನು ಅವಲಂಬಿಸಿದೆ. ಒಂದು ಕೊಳದಿಂದ ಬಿಟ್ಟ ನೀರು ಅದೇ ಅಳಿವೆಯನ್ನು ಬಳಸುವ ನೆರೆಯ ಕೊಳಗಳನ್ನೂ ಸೇರಬಹುದಾದ್ದರಿಂದ ಇದು ಒಬ್ಬ ಕೃಷಿಕನಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ನೀರಿನ ಸಿದ್ಧತೆ

ಅಳಿವೆಯ ನೀರನ್ನು ಮೊದಲು ಶೇಖರಣಾ ಕೊಳದಲ್ಲಿ ನಿಲ್ಲಿಸಿ, ಹೂಳು ತಳಕ್ಕಿಳಿಯಲು ಬಿಡಲಾಗುತ್ತದೆ. ಬಿಳಿಚುಕ್ಕೆ ರೋಗದ ವೈರಾಣುವನ್ನು ಹೊತ್ತು ತರಬಲ್ಲ ಏಡಿ ಮತ್ತು ಕಾಡು ಸಿಗಡಿಗಳು ಒಳಬಾರದಂತೆ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಲಾಗುತ್ತದೆ. ಬ್ಲೀಚಿಂಗ್ ಪುಡಿಯಿಂದ ಸೋಂಕು ನಿವಾರಿಸಿದ್ದರೆ, ಕ್ಲೋರಿನ್ ಅಂಶ ಸಂಪೂರ್ಣವಾಗಿ ಇಲ್ಲವಾದ ಬಳಿಕವೇ ಮರಿಗಳನ್ನು ಬಿಡಬೇಕು.

ಗುಣಮಟ್ಟದ ಮಾನದಂಡಗಳು

ಸಾಮಾನ್ಯವಾಗಿ ಅನುಕೂಲಕರವೆಂದು ಪರಿಗಣಿಸಲಾಗುವ ಪ್ರಮಾಣಗಳು ಹೀಗಿವೆ:

• ಕರಗಿದ ಆಮ್ಲಜನಕ: ಪ್ರತಿ ಲೀಟರಿಗೆ 4 ಮಿಲಿಗ್ರಾಂಗಿಂತ ಹೆಚ್ಚು
• ಪಿಎಚ್: 7.5ರಿಂದ 8.5
• ಉಷ್ಣತೆ: 28ರಿಂದ 32 ಡಿಗ್ರಿ ಸೆಲ್ಸಿಯಸ್
• ಲವಣಾಂಶ: ಸಾವಿರ ಭಾಗಕ್ಕೆ 10ರಿಂದ 25 ಭಾಗ
• ಪಾರದರ್ಶಕತೆ: 30ರಿಂದ 40 ಸೆಂಟಿಮೀಟರ್

ದಿನದ ಏರಿಳಿತ

ನೀರಿಗೆ ಹಸಿರು ಬಣ್ಣ ಕೊಡುವ ಸಸ್ಯಪ್ಲವಕಗಳು ಹಗಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತವೆ. ರಾತ್ರಿ ಅವೂ ಸಿಗಡಿಗಳಂತೆ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಆಮ್ಲಜನಕದ ಮಟ್ಟ ನಸುಕಿನಲ್ಲಿ ಅತ್ಯಂತ ಕೆಳಗಿರುತ್ತದೆ. ಸಿಗಡಿಗಳು ನೀರಿನ ಮೇಲ್ಭಾಗಕ್ಕೆ ಬಂದು ಈಜಾಡುವುದು ಕೊರತೆಯ ಲಕ್ಷಣವಾಗಿದ್ದು, ತಕ್ಷಣ ಗಾಳಿ ಒದಗಿಸದಿದ್ದರೆ ಒಂದೇ ರಾತ್ರಿಯಲ್ಲಿ ಇಡೀ ಬೆಳೆ ನಾಶವಾಗಬಹುದು. ಇದನ್ನು ತಪ್ಪಿಸಲು ರಾತ್ರಿ ವೇಳೆ ಚಕ್ರದ ಏರೇಟರ್‌ಗಳನ್ನು ನಡೆಸಲಾಗುತ್ತದೆ.

ಉಳಿದ ಆಹಾರ ಮತ್ತು ಮಲದಿಂದ ಅಮೋನಿಯಾ ಉಂಟಾಗುತ್ತದೆ. ಪಿಎಚ್ ಮತ್ತು ಉಷ್ಣತೆ ಏರಿದಂತೆ ಅದರ ವಿಷಕಾರಿ ಅಂಶವೂ ಏರುವುದರಿಂದ ಮಧ್ಯಾಹ್ನದ ಬಳಿಕ ಅಪಾಯ ಹೆಚ್ಚು. ಆಹಾರವನ್ನು ಮಿತಗೊಳಿಸುವುದೇ ಇದಕ್ಕೆ ಮೊದಲ ಪರಿಹಾರ.

ತ್ಯಾಜ್ಯ ನೀರು ಮತ್ತು ಕಾನೂನು

ಕೊಯ್ಲಿನ ಕೊನೆಗೆ ಹೊರಬರುವ ನೀರಿನಲ್ಲಿ ಕೆಸರು ಮತ್ತು ಸಾವಯವ ತ್ಯಾಜ್ಯ ಅಧಿಕ. ಅದನ್ನು ತಂಗುಕೊಳದಲ್ಲಿ ತಿಳಿಗೊಳಿಸಿ ಬಿಡಬೇಕು. ರೋಗ ತಗುಲಿದ ಕೊಳದ ನೀರನ್ನು ಸೋಂಕು ನಿವಾರಿಸದೆ ಬಿಡಬಾರದು. ಭಾರತದಲ್ಲಿ ಕರಾವಳಿಯ ಸಿಗಡಿ ಕೃಷಿಯನ್ನು ನಿಯಂತ್ರಿಸುವಂತೆ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. 2005ರ ಕಾಯಿದೆಯನ್ವಯ ಕರಾವಳಿ ಜಲಕೃಷಿ ಪ್ರಾಧಿಕಾರ ಸ್ಥಾಪನೆಯಾಯಿತು.

ಕರ್ನಾಟಕದ ಗಜನಿ ಪದ್ಧತಿ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಗಳಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಿನ ನಂತರ ತೂಬಿನ ಬಾಗಿಲು ತೆರೆದು, ಉಬ್ಬರದ ನೀರಿನೊಂದಿಗೆ ಬರುವ ಸಿಗಡಿ ಮತ್ತು ಮೀನುಗಳನ್ನು ಸಾಕುವುದು ಇಲ್ಲಿನ ಸಾಂಪ್ರದಾಯಿಕ ಕ್ರಮ. ಇದರಲ್ಲಿ ನೀರಿನ ಬದಲಾವಣೆಯನ್ನು ಉಬ್ಬರವಿಳಿತಗಳೇ ನಿರ್ವಹಿಸುತ್ತವೆ.