ಕಡಲ ತೀರದ ವಿಹಾರ

ಪಶ್ಚಿಮ ಘಟ್ಟದ ಬೆಟ್ಟಗಳು ಕಡಲಿಗೆ ತೀರ ಸಮೀಪ ಬಂದು ನಿಂತಿರುವ ಸ್ಥಳಗಳಲ್ಲಿ ಕಾರವಾರವೂ ಒಂದು. ಉತ್ತರ ಕನ್ನಡ ಜಿಲ್ಲೆಯ ಕೇಂದ್ರವಾದ ಈ ಪಟ್ಟಣದ ಒಂದು ಕಡೆ ಹಸುರು ಬೆಟ್ಟ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಉತ್ತರದಲ್ಲಿ ಕಾಳಿ ನದಿ ಕಡಲನ್ನು ಸೇರುತ್ತದೆ. ಮರಳಿನ ಮೇಲೆ ನಡೆಯಲು, ದೋಣಿಯಲ್ಲಿ ವಿಹರಿಸಲು, ನೀರಿನಲ್ಲಿ ಆಡಲು ಪ್ರವಾಸಿಗರಿಗೆ ಇಲ್ಲಿ ಹೇರಳವಾದ ಅವಕಾಶವಿದೆ. ಆದರೆ ಇವುಗಳಿಗೆಲ್ಲ ವೇಳೆಯನ್ನು ಗೊತ್ತುಮಾಡುವುದು ಸಮುದ್ರವೇ ಹೊರತು ಪ್ರವಾಸಿಗನಲ್ಲ.

ಈ ಮಾತನ್ನು ಕವಿ ರವೀಂದ್ರನಾಥ ಠಾಕೂರರ ಅನುಭವವೂ ಸಮರ್ಥಿಸುತ್ತದೆ. ತರುಣರಾಗಿದ್ದಾಗ ಅವರು, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ತಂಗಿದ್ದರು. ಒಂದು ಬೆಳದಿಂಗಳ ರಾತ್ರಿ ಸಂಗಡಿಗರೊಡನೆ ಪುಟ್ಟ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲೆ ಸಾಗಿ ಶಿವಾಜಿಯ ಕಾಲದ ಬೆಟ್ಟದ ಕೋಟೆಯೊಂದನ್ನು ಕಂಡರು. ಹಿಂದಿರುಗುವಾಗ ಇಳಿತದ ನೀರಿನೊಡನೆ ದೋಣಿಯನ್ನು ತೇಲಬಿಟ್ಟು ಅಳಿವೆಯನ್ನು ತಲುಪಿ, ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದರು. ಊರಿನ ಕಡಲ ತೀರಕ್ಕೆ ಇಂದು ಅವರ ಹೆಸರೇ ಇದೆ.

ಇಳಿತವೆಂದರೇನು? ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಕಡಲಿನ ನೀರು ಏರುವುದು ಉಬ್ಬರ, ತಗ್ಗುವುದು ಇಳಿತ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆಯ ಅಂತರವಿರುವುದರಿಂದ ಅದರ ವೇಳೆ ದಿನದಿನಕ್ಕೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು.

ನಡೆಯುವವರಿಗೆ ಇಳಿತದ ವೇಳೆಯೇ ಪ್ರಶಸ್ತವಾದುದು. ಆಗ ಒದ್ದೆ ಮರಳು ಗಟ್ಟಿಯಾಗಿ ವಿಶಾಲವಾಗಿ ಹರಡಿರುತ್ತದೆ. ಏಡಿಗಳು ತೋಡಿದ ಬಿಲಗಳು, ಅಲೆಗಳು ತಂದೆಸೆದ ಚಿಪ್ಪುಗಳು ಕಣ್ಣಿಗೆ ಬೀಳುತ್ತವೆ. ಕಾಳಿಯ ಅಳಿವೆಯಲ್ಲಿ ಬೆಳೆದಿರುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಕಾಣುತ್ತವೆ. ಮೀನಿನ ಮರಿಗಳಿಗೆ ಆಶ್ರಯವೀಯುವ ತಾಣವಿದು. ಇಲ್ಲಿ ಕಸವನ್ನೆಸೆಯುವುದು ಬೆಸ್ತರ ಅನ್ನಕ್ಕೆ ಮಣ್ಣು ಹಾಕಿದಂತೆ.

ನೀರಿಗಿಳಿಯುವವರು ಮತ್ತೊಂದು ಸಂಗತಿಯನ್ನು ಅರಿತಿರಬೇಕು. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಕಿರಿದಾದ ಹಾದಿ ಹಿಡಿದು ರಭಸದಿಂದ ಕಡಲಿಗೆ ಮರಳುತ್ತದೆ. ಅಲ್ಲಿ ಅಲೆಗಳು ಹೆಚ್ಚಾಗಿ ಒಡೆಯುವುದಿಲ್ಲ. ಆದುದರಿಂದ ತಿಳಿಯದವರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ! ಆ ಸೆಳೆತಕ್ಕೆ ಸಿಕ್ಕಿದವನು ನೇರವಾಗಿ ದಡದತ್ತ ಈಜಿದರೆ ದಣಿದು ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಅನಂತರ ದಡದತ್ತ ತಿರುಗಬೇಕು. ಅದಾಗದಿದ್ದರೆ ತೇಲುತ್ತಾ ಕೈಯೆತ್ತಿ ನೆರವು ಬೇಡಬೇಕು.

ದೋಣಿವಿಹಾರಕ್ಕೂ ನಿಯಮಗಳುಂಟು. 2019ರ ಜನವರಿಯಲ್ಲಿ, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ, ಚಳಿಗಾಲ. ಆದುದರಿಂದ ಯಾವ ಋತುವಿನಲ್ಲೇ ಆಗಲಿ, ಜೀವರಕ್ಷಕ ಕವಚವನ್ನು ಧರಿಸದೆ ದೋಣಿಯನ್ನೇರಬಾರದು. ಮಿತಿಮೀರಿ ಜನ ತುಂಬಿದ ದೋಣಿಯನ್ನು ಹತ್ತಲೇಬಾರದು. ಮಳೆಗಾಲದಲ್ಲಂತೂ ಕಡಲನ್ನು ದೂರದಿಂದಲೇ ನೋಡಿ ಆನಂದಿಸಬೇಕು. ಕಡಲಿನಲ್ಲೇ ಬಾಳುವ ಬೆಸ್ತರೂ ಆ ದಿನಗಳಲ್ಲಿ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸಿ ಬಲೆಗಳನ್ನು ಸರಿಪಡಿಸುತ್ತಾರೆ.

ಅವರು ಅಂಜುಬುರುಕರೆಂದು ಯಾರೂ ಹೇಳಲಾರರು. ಕಡಲನ್ನು ಬಲ್ಲವರಿಗೆ ಕಾಯುವುದೂ ಗೊತ್ತು. ಕಡಲ ತೀರಕ್ಕೆ ಹೋದಾಗ ನೀರಿಗಿಳಿಯುವ ಮುನ್ನ ಅವರಲ್ಲೊಬ್ಬರನ್ನು ಕೇಳುವುದು ಜಾಣತನ.