ಹೊಗೆಯಲ್ಲಿ ಹುಟ್ಟಿದ ಜಿಪ್ಸಂ ಹೊಲಕ್ಕೆ ಆದೀತೇ?

ಹೈದರಾಬಾದಿನಲ್ಲಿ ನನ್ನ ಕೆಲಸ ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆ ತೊಳೆಯುವ ಘಟಕಗಳ ವಿನ್ಯಾಸ. ಊರು ಸಿಂಧನೂರು ತಾಲೂಕು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಸವಳು–ಜವಳಾಗಿ ಕೆಟ್ಟ ಹೊಲಗಳು ನಮ್ಮ ಕಡೆ ಸಾಕಷ್ಟಿವೆ. ಅಣ್ಣನದು ಒಂದೇ ಪ್ರಶ್ನೆ: ‘ತಮ್ಮಾ, ನಿಮ್ಮ ಪ್ಲಾಂಟಿನ ಜಿಪ್ಸಂ ನಮ್ಮ ಹೊಲಕ್ಕ ನಡೀತದೇನು?’

ನಡೆಯುತ್ತದೆ, ಆದರೆ ಎಲ್ಲ ಹೊಲಕ್ಕೂ ಅಲ್ಲ.

ಕಲ್ಲಿದ್ದಲು ಉರಿದಾಗ ಅದರಲ್ಲಿನ ಗಂಧಕವು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಆ ಹೊಗೆಗೆ ಸುಣ್ಣಕಲ್ಲಿನ ಪುಡಿ ಕಲಸಿದ ನೀರು ಸಿಂಪಡಿಸಿ, ಗಾಳಿ ಊದಿದರೆ ಜಿಪ್ಸಂ ಹರಳುಗಟ್ಟುತ್ತದೆ. ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿದರೆ ಸುಮಾರು 2.7 ಟನ್ ಜಿಪ್ಸಂ ಸಿಗುತ್ತದೆ. ಸಮುದ್ರದ ನೀರಿನಿಂದ ಹೊಗೆ ತೊಳೆಯುವ ಮುಂಬೈನ ಟ್ರಾಂಬೆಯಂಥ ಕಡೆ ಇದು ಸಿಗದು. ಇದು ಹಾರುಬೂದಿಯೂ ಅಲ್ಲ. ರಾಜಸ್ಥಾನದ ಗಣಿಗಳಲ್ಲಿ ಸಿಗುವ ವಸ್ತುವೇ ಇದು. ಶುದ್ಧವಾಗಿದ್ದರೆ ಶೇ 23ರಷ್ಟು ಕ್ಯಾಲ್ಸಿಯಂ, ಶೇ 18ರಷ್ಟು ಗಂಧಕ. ಅಮೆರಿಕದ ಓಹಾಯೊ, ಇಂಡಿಯಾನಾ ಕಡೆಯ ರೈತರು ಇದನ್ನು ಹೊಲಕ್ಕೆ ಬಳಸುತ್ತಾರೆ.

ಮೊದಲು ಮಣ್ಣು ಯಾವುದೆಂದು ತಿಳಿಯಬೇಕು. ಬರೀ ಬಿಳಿ ಉಪ್ಪು ಕಟ್ಟುವ ಸವಳು ಹೊಲಕ್ಕೆ ಜಿಪ್ಸಂ ಬೇಕಿಲ್ಲ. ನೀರು ನಿಲ್ಲಿಸಿ ಉಪ್ಪನ್ನು ಬಸಿದು ಹೊರಹಾಕಬೇಕು. ಸೋಡಿಯಂ ಸೇರಿ ಗಟ್ಟಿಯಾದ, ರಸಸಾರ ಸಾಮಾನ್ಯವಾಗಿ 8.5 ದಾಟಿದ ಕ್ಷಾರ ಮಣ್ಣಿಗೆ ಜಿಪ್ಸಂ ಮದ್ದು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಬಿಡುಗಡೆಯಾದ ಸೋಡಿಯಂ ಹರಿದುಹೋಗಲು ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ದುಡ್ಡೆಲ್ಲ ದಂಡ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣಿನ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿದೆ. ಎಷ್ಟು ಜಿಪ್ಸಂ ಎಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು, ಅಂಗಡಿಯವರಲ್ಲ.

ಚಿತ್ರದುರ್ಗ, ಪಾವಗಡ ಕಡೆಯವರಿಗೆ ಶೇಂಗಾದ ಲೆಕ್ಕ ಗೊತ್ತು. ಮಣ್ಣಿನೊಳಗಿನ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದಲೇ ಹೀರುತ್ತದೆ, ಕಡಿಮೆಯಾದರೆ ಜೊಳ್ಳು. ಅದಕ್ಕೇ ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೊ ಜಿಪ್ಸಂ ಶಿಫಾರಸು. ಇನ್ನು ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣವೇ ಬೇಕು. ಜಿಪ್ಸಂ ಹುಳಿ ತಗ್ಗಿಸದು.

ಒಂದು ಎಚ್ಚರಿಕೆ. ಕಲ್ಲಿದ್ದಲಿನ ಪಾದರಸ, ಸೆಲೆನಿಯಂ ಅಲ್ಪ ಪ್ರಮಾಣದಲ್ಲಿ ಜಿಪ್ಸಂಗೂ ಬರಬಹುದು. ಸರಿಯಾಗಿ ತೊಳೆಯದಿದ್ದರೆ ಕ್ಲೋರೈಡ್ ಉಳಿಯುತ್ತದೆ. ಹಾಗಾಗಿ ಪ್ರತಿ ಲೋಡಿನ ಪರೀಕ್ಷಾ ವರದಿ ಕೇಳಿ, ಇಲ್ಲವೆಂದರೆ ಬೇಡವೆನ್ನಿ.

ನಿಜವಾದ ತೊಡಕು ಬೇರೆ. ಸ್ಥಾವರಗಳ ಸಲ್ಫರ್ ಡೈಆಕ್ಸೈಡ್‌ಗೆ ಕೇಂದ್ರ ಮಿತಿ ಹಾಕಿದ್ದು 2015ರ ಡಿಸೆಂಬರಿನಲ್ಲಿ. ಗಡುವು ಮುಂದೆ ಹೋಗುತ್ತಲೇ ಬಂದು, 2025ರ ಜುಲೈನಲ್ಲಿ ದೇಶದ ಮುಕ್ಕಾಲಿಗೂ ಹೆಚ್ಚು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಘಟಕಗಳ ಖರ್ಚು ಹೆಚ್ಚು ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ನನ್ನ ಅನ್ನವೂ ಅದೇ ಘಟಕಗಳದು, ಆ ಪಕ್ಷಪಾತವನ್ನು ಓದುಗರು ಕಳೆದು ಓದಲಿ. ಆದರೆ ರಾಯಚೂರು, ಯರಮರಸ್, ಬಳ್ಳಾರಿಯ ಸ್ಥಾವರಗಳು ಸೇರಿ 5,020 ಮೆಗಾವಾಟ್. ಅವು ನಿಂತಿರುವುದು ತುಂಗಭದ್ರೆಯ ಕೆಟ್ಟ ಹೊಲಗಳಿಗೆ ಲಾರಿ ಹೋಗುವಷ್ಟು ಹತ್ತಿರದಲ್ಲಿ. ಹೊಗೆ ತೊಳೆಯುವ ಖರ್ಚನ್ನು ಯೂನಿಟ್ಟಿಗೆ ಇಷ್ಟು ಪೈಸೆ ಎಂದು ಬರೆಯುವವರು, ಅದೇ ಹಾಳೆಯಲ್ಲಿ ಈ ಹೊಲಗಳ ಸಾಲನ್ನೂ ಬರೆದು ಕೂಡಿಸಬೇಕು.