ಹಡಗಿನ ವಯಸ್ಸು ಆಂಟೆನಾದಲ್ಲಿದೆ

ಮಂಡ್ಯ ಜಿಲ್ಲೆಗೆ ಸಮುದ್ರವಿಲ್ಲ. ನಾಗಮಂಗಲ ತಾಲ್ಲೂಕಿನ ದೇವಲಾಪುರದವರು ಉಪ್ಪುನೀರು ನೋಡಬೇಕಾದರೆ ಘಟ್ಟ ಇಳಿಯಬೇಕು. ಹಾಗಂತ ಹಡಗಿನ ವಿಚಾರ ಈ ಸೀಮೆಗೆ ಪೂರ್ತಿ ಹೊರಗಿನದೂ ಅಲ್ಲ. 1796ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಲು ಹುಕುಂ ಹೊರಡಿಸಿದಾಗ ಅವನ ರಾಜಧಾನಿ ಶ್ರೀರಂಗಪಟ್ಟಣ. ಇನ್ನು 1957ರ ಆಗಸ್ಟ್‌ನಲ್ಲಿ ಭಾರತೀಯ ನೌಕಾಪಡೆ ಸೇರಿದ ದೊಡ್ಡ ಕ್ರೂಸರ್‌ಗೆ ಇಟ್ಟ ಹೆಸರು ‘ಮೈಸೂರು’. ಆಗ ನಮ್ಮ ಇಡೀ ರಾಜ್ಯದ ಹೆಸರೂ ಅದೇ ಆಗಿತ್ತು.

ಆ ಹಡಗಿನ ಸರಿಯಾದ ಚಿತ್ರ ಬರೆಯಬೇಕು ಅಂತ ಯಾರಾದರೂ ಹೊರಟರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವ ವರ್ಷದ ಮೈಸೂರು? 1939ರ ಜುಲೈನಲ್ಲಿ ಇಂಗ್ಲೆಂಡಿನ ಟೈನ್ ನದಿಗೆ ಇಳಿದಾಗ ಅದರ ಹೆಸರು ‘ನೈಜೀರಿಯಾ’. ಆರಿಂಚಿನ ಹನ್ನೆರಡು ತೋಪು, ಮೂರು ಕಾಲಿನ ಮಾಸ್ಟ್‌ಗಳು, ಅಂದರೆ ಹಡಗಿನ ಕಂಬಗಳು. ಭಾರತ ಕೊಂಡ ಮೇಲೆ ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ದೊಡ್ಡ ರಿಪೇರಿ ನಡೆಯಿತು. ನಮ್ಮ ಕೈಗೆ ಬಂದಾಗ ಉಳಿದಿದ್ದು ಒಂಬತ್ತು ತೋಪು. ಮೂರು ಕಾಲಿನ ಮಾಸ್ಟ್‌ಗಳ ಜಾಗದಲ್ಲಿ ಜಾಲರಿ ಗೋಪುರದಂಥ ಎರಡು ಮಾಸ್ಟ್ ಎದ್ದಿದ್ದವು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಮುಂದಾಳು ಹಡಗು ಇದೇ. 1985ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು. ಕಬ್ಬಿಣದ ಒಡಲು ಒಂದೇ, ಮೇಲಿನ ರೂಪ ಬೇರೆ ಬೇರೆ.

ಒಡಲು ನಲವತ್ತು ವರ್ಷ ಬದಲಾಗದೆ ಇರಬಹುದು. ರೇಡಾರ್ ಮಾತ್ರ ಹತ್ತು ವರ್ಷಕ್ಕೇ ಹಳತಾಗುತ್ತದೆ. ಆದ್ದರಿಂದ ಹಡಗಿನ ಫೋಟೊ ಯಾವ ಕಾಲದ್ದು ಎಂದು ತಿಳಿಯಲು ಬಲ್ಲವರು ತೋಪಿನ ಕಡೆ ನೋಡುವ ಮೊದಲು ಮಾಸ್ಟಿನ ತುದಿಯ ರೇಡಾರ್ ಆಂಟೆನಾ ನೋಡುತ್ತಾರೆ. ಆಸಕ್ತಿಯ ಸಂಗತಿ ಎಂದರೆ ಅಲ್ಲಿರುವ ಒಂದೊಂದು ಆಕಾರಕ್ಕೂ ಭೌತಶಾಸ್ತ್ರದ ಕಾರಣವಿದೆ. ಕಾರಣ ಗೊತ್ತಿದ್ದರೆ ಅರ್ಧ ಮಸುಕಾದ ಫೋಟೊದಲ್ಲೂ ಏನಿರಬೇಕು, ಏನಿರಲು ಸಾಧ್ಯವಿಲ್ಲ ಎಂದು ಹೇಳಬಹುದು.

ರೇಡಾರ್ ರೇಡಿಯೊ ಅಲೆಯನ್ನು ಬಿಟ್ಟು, ಎದುರಿನ ವಸ್ತುವಿಗೆ ತಾಗಿ ಮರಳುವ ಅಲೆಯನ್ನು ಹಿಡಿಯುತ್ತದೆ. ಗುರಿ ಯಾವ ದಿಕ್ಕಿನಲ್ಲಿದೆ ಎಂದು ಕರಾರುವಾಕ್ಕಾಗಿ ತಿಳಿಯಬೇಕಾದರೆ ಅಲೆಗಳ ಪುಂಜ ಕಿರಿದಾಗಿರಬೇಕು. ಎಷ್ಟು ಕಿರಿದು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ: ತರಂಗಾಂತರವನ್ನು ಆಂಟೆನಾದ ಅಗಲದಿಂದ ಭಾಗಿಸಿ 70ರಿಂದ ಗುಣಿಸಿದರೆ ಪುಂಜದ ಕೋನ ಡಿಗ್ರಿಯಲ್ಲಿ ಸಿಗುತ್ತದೆ. 3 ಸೆಂಟಿಮೀಟರ್ ಅಲೆಗೆ 2 ಮೀಟರ್ ಅಗಲದ ಆಂಟೆನಾ ಇದ್ದರೆ ಸುಮಾರು ಒಂದು ಡಿಗ್ರಿ. ಅದೇ ಒಂದು ಡಿಗ್ರಿಯನ್ನು ಒಂದೂವರೆ ಮೀಟರ್ ಅಲೆಯಿಂದ ಪಡೆಯಲು 105 ಮೀಟರ್ ಅಗಲದ ಆಂಟೆನಾ ಬೇಕು! 169 ಮೀಟರ್ ಉದ್ದದ ಮೈಸೂರಿನ ಮೇಲೆ ಅದನ್ನು ಹೊರಿಸಲು ಆಗುತ್ತದೆಯೇ? 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ‍್ಯಾಂಡಲ್ ಮತ್ತು ಬೂಟ್ ತಯಾರಿಸಿದ ಮ್ಯಾಗ್ನೆಟ್ರಾನ್ 10 ಸೆಂಟಿಮೀಟರ್‌ನ ಬಲವಾದ ಅಲೆಯನ್ನು ಹುಟ್ಟಿಸಿಕೊಟ್ಟದ್ದು ಅದಕ್ಕೇ ದೊಡ್ಡ ಸುದ್ದಿ. ‘ನೈಜೀರಿಯಾ’ ಹಡಗು ಬ್ರಿಟಿಷ್ ನೌಕಾಪಡೆಗೆ ಸೇರಿದ್ದೂ ಅದೇ ವರ್ಷ.

ಸಮುದ್ರದ ಮೇಲ್ಮೈ ಹುಡುಕುವ ಆಂಟೆನಾಗಳು ಸಾಮಾನ್ಯವಾಗಿ ಅಡ್ಡಕ್ಕೆ ಅಗಲ, ಎತ್ತರದಲ್ಲಿ ಗಿಡ್ಡ. ಅಡ್ಡ ಅಗಲದಿಂದ ದಿಕ್ಕು ನಿಖರವಾಗುತ್ತದೆ. ಎತ್ತರ ಕಡಿಮೆ ಇದ್ದರೆ ಪುಂಜ ಮೇಲೆ ಕೆಳಗೆ ಹರಡಿಕೊಳ್ಳುತ್ತದೆ. ಅದೂ ಬೇಕು, ಯಾಕೆಂದರೆ ಹಡಗು ಹೊಯ್ದಾಡುವಾಗ ಗುರಿ ಪುಂಜದಿಂದ ಜಾರಿಹೋಗಬಾರದು. ತೋಪಿಗೆ ಗುರಿ ತೋರಿಸುವ ರೇಡಾರ್‌ಗೆ ಎರಡೂ ಕಡೆ ಕಿರಿದಾದ ಪುಂಜ ಬೇಕಾಗುವುದರಿಂದ ಅಂಥವು ಹೆಚ್ಚಾಗಿ ದುಂಡಗಿರುತ್ತವೆ.

ಆಂಟೆನಾದ ಬೆನ್ನಿನ ತಟ್ಟೆಯೂ ಸಾಕ್ಷಿ ಹೇಳುತ್ತದೆ. ತಟ್ಟೆಯ ತೂತುಗಳು ತರಂಗಾಂತರದ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕವಾಗಿದ್ದರೆ ಅಲೆಗೆ ಅದು ಹೆಚ್ಚುಕಡಿಮೆ ಗೋಡೆಯೇ. ಹಾಗಾಗಿ ಉದ್ದ ಅಲೆಯ ಆಂಟೆನಾವನ್ನು ಸಲಾಕೆ, ಜಾಲರಿಗಳಿಂದಲೇ ಕಟ್ಟುತ್ತಾರೆ. ಗಾಳಿಯ ಒತ್ತಡ ಮತ್ತು ತೂಕ ಎರಡೂ ಕಡಿಮೆಯಾಗುತ್ತವೆ. ಬ್ರಿಟಿಷರ 965 ಮಾದರಿಯ ರೇಡಾರನ್ನು ನಾವಿಕರು ಮಂಚದ ಚೌಕಟ್ಟು ಎಂದೇ ಕರೆಯುತ್ತಿದ್ದರು. ಅದನ್ನು ಯಾರಾದರೂ ಇಡೀ ತಗಡಿನಂತೆ ಬಣ್ಣ ತುಂಬಿ ಬರೆದಿದ್ದರೆ, ಬರೆದವರಿಗೆ ರೇಡಾರ್ ಗೊತ್ತಿಲ್ಲ ಎಂದೇ ಅರ್ಥ.

ಇದೆಲ್ಲವನ್ನೂ ನಮ್ಮ ನೆಲದಲ್ಲೇ ಪರೀಕ್ಷಿಸಿ ನೋಡಲು ಕಾರವಾರಕ್ಕೆ ಹೋಗಬೇಕು. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತಿರುವ ಕ್ಷಿಪಣಿ ದೋಣಿ ‘ಚಪಲ್’ 2006ರಿಂದ ವಸ್ತುಸಂಗ್ರಹಾಲಯ. ಇದೇ ದೋಣಿ 1971ರಲ್ಲಿ ಕರಾಚಿಗೆ ನುಗ್ಗಿತ್ತು ಎಂದು ಅಭಿಮಾನದಿಂದ ಹೇಳುವವರು ಸಿಗುತ್ತಾರೆ. ಅಭಿಮಾನ ಇರಲಿ, ಆದರೆ ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ನಿಪಟ್, ನಿರ್ಘಾತ್ ಮತ್ತು ವೀರ್. ಅವೂ ಸೋವಿಯತ್ ‘ಓಸಾ’ ದೋಣಿಗಳೇ, ಆದರೆ ಹಿಂದಿನ ಮಾದರಿ.

ದಾಖಲೆ ಇಲ್ಲದಿದ್ದರೂ ಇದನ್ನು ಕಣ್ಣಿನಿಂದಲೇ ಸಾಬೀತುಪಡಿಸಬಹುದು. 1971ರ ದೋಣಿಗಳಲ್ಲಿದ್ದ ಪಿ-15 ಕ್ಷಿಪಣಿಯ ರೆಕ್ಕೆಗಳು ಮಡಚುತ್ತಿರಲಿಲ್ಲ. ತುದಿಯಿಂದ ತುದಿಗೆ 2.4 ಮೀಟರ್. ಕ್ಷಿಪಣಿಯ ದಪ್ಪ ಮುಕ್ಕಾಲು ಮೀಟರ್ ಅಷ್ಟೇ ಇದ್ದರೂ ರೆಕ್ಕೆಗಾಗಿ ದೊಡ್ಡ ಪೆಟ್ಟಿಗೆಯಾಕಾರದ ಗೂಡು ಕಟ್ಟಬೇಕಾಯಿತು. ಮುಂದಿನ ಮಾದರಿಯಲ್ಲಿ ರೆಕ್ಕೆ ಮಡಚುವಂತಾಯಿತು, ಗೂಡು ದುಂಡು ಕೊಳವೆಯಾಯಿತು. ಕಾರವಾರದಲ್ಲಿರುವವು ಕೊಳವೆಗಳು. ಕರಾಚಿ ದಾಳಿಯ ಚಿತ್ರದಲ್ಲಿ ದುಂಡು ಕೊಳವೆ ಕಂಡರೆ ಆ ಚಿತ್ರ ತಪ್ಪು, ಬರೆದವರು ಎಷ್ಟೇ ದೊಡ್ಡ ಕಲಾವಿದರಾದರೂ.

ಓಸಾ ದೋಣಿಯ ಎರಡು ರೇಡಾರ್‌ಗಳು ಮೇಲೆ ಹೇಳಿದ ಪಾಠಕ್ಕೆ ಹೇಳಿ ಮಾಡಿಸಿದಂತಿವೆ. ಮಾಸ್ಟಿನ ಮೇಲೆ ಹಡಗು ಹುಡುಕುವ ‘ರಂಗೌಟ್’. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ‘ಸ್ಕ್ವೇರ್ ಟೈ’. ಹಿಂಬದಿಯಲ್ಲಿ, ಎರಡು ಜೋಡಿ 30 ಮಿಲಿಮೀಟರ್ ತೋಪುಗಳಿಗೆ ಗುರಿ ತೋರಿಸುವ ‘ರಿಸ್’. ಅದಕ್ಕೆ ಪಾಶ್ಚಾತ್ಯರು ಇಟ್ಟ ಹೆಸರು ‘ಡ್ರಮ್ ಟಿಲ್ಟ್’. ಎರಡೆರಡು ಹೆಸರಿನಿಂದಾಗಿ ಎಳೆಯ ಚಿತ್ರಕಾರರು ಒಂದೇ ರೇಡಾರನ್ನು ಎರಡು ಎಂದು ತಿಳಿದುಬಿಡುವುದುಂಟು.

ರಂಗೌಟ್ ಮಾಸ್ಟಿನ ಮೇಲೇಕೆ? ಭೂಮಿ ದುಂಡಗಿದೆ. ಆಂಟೆನಾ ನೀರಿನಿಂದ 12 ಮೀಟರ್ ಎತ್ತರದಲ್ಲಿದ್ದರೆ ಅದರ ದಿಗಂತ ಸುಮಾರು 14 ಕಿಲೋಮೀಟರ್. ಎದುರಿನ ಹಡಗಿನ ಮೇಲ್ಭಾಗ 25 ಮೀಟರ್ ಎದ್ದಿದ್ದರೆ ಇನ್ನೊಂದು 20 ಕಿಲೋಮೀಟರ್ ಸೇರಿ ಒಟ್ಟು 35ರ ಆಸುಪಾಸು. ಪಿ-15 ಕ್ಷಿಪಣಿಯ ವ್ಯಾಪ್ತಿ 40 ಕಿಲೋಮೀಟರ್! ಕ್ಷಿಪಣಿ ಎಷ್ಟು ದೂರ ಹಾರುತ್ತದೋ ಹೆಚ್ಚುಕಡಿಮೆ ಅಷ್ಟು ದೂರ ಕಣ್ಣೂ ಹೋಗಬೇಕು, ಪುಟ್ಟ ದೋಣಿ ತಲೆಭಾರದಿಂದ ಮಗುಚಲೂಬಾರದು. ಮಾಸ್ಟಿನ ಎತ್ತರ ಈ ಎರಡರ ನಡುವಿನ ರಾಜಿ. ಅರಬ್ಬಿ ಸಮುದ್ರದ ಮೇಲೆ ತೇವದ ಗಾಳಿ, ಒಣ ಗಾಳಿ ಪದರ ಕಟ್ಟಿದಾಗ ಅಲೆಗಳು ಬಾಗಿ ದಿಗಂತದಾಚೆಗೂ ಹರಿಯುತ್ತವೆ. ಅದು ಪ್ರಕೃತಿಯ ಕೊಡುಗೆ, ವಿನ್ಯಾಸಕಾರ ಅದನ್ನು ನಂಬಿ ಕೂರುವಂತಿಲ್ಲ.

ಇನ್ನು ಅಳತೆ ತೆಗೆಯುವ ಕೆಲಸ. ಫೋಟೊದಲ್ಲಿ ಆಂಟೆನಾ ನಮ್ಮ ಕಡೆಗೇ ಮುಖ ಮಾಡಿ ನಿಂತಿರುವುದಿಲ್ಲ, ಅದು ತಿರುಗುವ ವಸ್ತು. 60 ಡಿಗ್ರಿ ತಿರುಗಿದ್ದರೆ ಅಗಲ ಅರ್ಧಕ್ಕೆ ಇಳಿದು ಕಾಣುತ್ತದೆ, ಎತ್ತರ ಮಾತ್ರ ಹಾಗೇ ಇರುತ್ತದೆ. ಒಂದೇ ಫೋಟೊ ನಂಬಿದರೆ ಅಗಲದ ಆಂಟೆನಾ ಚೌಕವಾಗಿಬಿಡುತ್ತದೆ. ಹಲವು ಫೋಟೊ ಇಟ್ಟುಕೊಂಡು, ಎತ್ತರಕ್ಕೆ ಹೋಲಿಸಿದರೆ ಅತಿ ಅಗಲ ಕಂಡದ್ದನ್ನೇ ಹಿಡಿಯಬೇಕು. ಯುದ್ಧಕಾಲದ ಫೋಟೊಗಳಲ್ಲಿ ಇನ್ನೊಂದು ತೊಡಕು: ಬ್ರಿಟಿಷ್ ಸೆನ್ಸಾರ್‌ನವರು ರೇಡಾರನ್ನು ಬಣ್ಣ ಹಚ್ಚಿ ಅಳಿಸಿರುತ್ತಾರೆ. ಬೋಳು ಮಾಸ್ಟ್ ಕಂಡ ಮಾತ್ರಕ್ಕೆ ರೇಡಾರ್ ಇರಲಿಲ್ಲ ಎನ್ನಲಾಗದು. ಕಟ್ಟಿ ಮುಗಿದ ಮೇಲೆ ಹಡಗು ಇದ್ದ ಹಾಗೆ ಬರೆದಿಟ್ಟ ನಕ್ಷೆಗಳು ಬ್ರಿಟಿಷ್ ಹಡಗುಗಳಿಗಾದರೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ರಾಶಿರಾಶಿ ಇವೆ. ಆದರೆ ನಕ್ಷೆ ಹೇಳುವುದೂ ಅದರ ಮೇಲಿನ ತಾರೀಖಿನ ಸ್ಥಿತಿಯನ್ನು ಮಾತ್ರ.

ಈ ರೇಡಾರ್ ಕಥೆಯಲ್ಲಿ ಬೆಂಗಳೂರಿನ ಪಾತ್ರವೂ ಉಂಟು. 1972ರಲ್ಲಿ ಬಂದ ‘ನೀಲಗಿರಿ’ ಫ್ರಿಗೇಟ್‌ನ ಮೇಲೆ ಬ್ರಿಟಿಷ್ ರೇಡಾರ್‌ಗಳಿದ್ದವು. 1974ರ ‘ಹಿಮಗಿರಿ’ಯಿಂದ ಮುಂದೆ ಡಚ್ ವಿನ್ಯಾಸದವು ಬಂದವು, ಅವುಗಳ ತಯಾರಿಕೆಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೈಗೆತ್ತಿಕೊಂಡಿತು. ನೀಲಗಿರಿಯ ನಕ್ಷೆ ಇಟ್ಟುಕೊಂಡು ಆ ವರ್ಗದ ಉಳಿದ ಐದನ್ನೂ ಬರೆದರೆ ಐದೂ ತಪ್ಪಾಗುತ್ತವೆ.

ನಮ್ಮ ಹಡಗುಗಳ ಮಟ್ಟಿಗೆ ದೊಡ್ಡ ಸಂಗ್ರಹ ಇರುವುದು ಮನೆಗಳಲ್ಲಿ. ನೌಕಾಪಡೆಯಿಂದ ನಿವೃತ್ತರಾಗಿ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಡೆಕ್ ಮೇಲೆ ಗೆಳೆಯರೊಡನೆ ನಿಂತ ಕಪ್ಪುಬಿಳುಪು ಫೋಟೊಗಳಿರುತ್ತವೆ. ಅವರ ತಲೆಯ ಹಿಂದೆ ಮಾಸ್ಟ್ ಇರುತ್ತದೆ, ಪಕ್ಕದಲ್ಲಿ ನಿಂತ ಮನುಷ್ಯನೇ ಅಳತೆಗೋಲು. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ, ಹೇಳುವವರು ಇರುವಾಗಲೇ ಕೇಳಿ, ಹಡಗಿನ ಹೆಸರು ಮತ್ತು ವರ್ಷವನ್ನು ಫೋಟೊದ ಹಿಂಬದಿ ಪೆನ್ಸಿಲ್‌ನಲ್ಲಿ ಬರೆದಿಡಿ.